ಪಾಲುಪಟ್ಟಿ ಓದೋ ಹಾಗೆ ಓದಿ: ಅಮೆರಿಕದ ಸಂವಿಧಾನಕ್ಕೆ ಒಂದು ದಾರಿ

ನಮ್ಮ ಅಪ್ಪನ ಪೆಟ್ಟಿಗೇಲಿ ಒಂದು ಹಳೇ ಪಾಲುಪಟ್ಟಿ ಇದೆ, ಛಾಪಾ ಕಾಗದ, ಮಡಿಕೆ ಮಡಿಕೇಲೂ ಹರಿದಿದೆ. ಅದರಲ್ಲಿ ಒಂದು ಸಾಲು ಹೀಗಿದೆ, ಕೆಳಗಿನ ಗದ್ದೆಗೆ ಹೋಗೋ ನೀರಿನ ಕಾಲುವೆಯನ್ನ ಮೇಲಿನ ಪಾಲಿನವರು ಯಾವ ಕಾಲಕ್ಕೂ ಅಡ್ಡ ಕಟ್ಟಕೂಡದು ಅಂತ. ಸುಮ್ಮನೆ ಓದಿದ್ರೆ ಏನೂ ಅನ್ಸಲ್ಲ. ಆಮೇಲೆ ಅಜ್ಜಿ ಹೇಳಿದ್ರು, ಒಂದು ವರ್ಷ ಮೇಲಿನವರು ಕಾಲುವೆ ಕಟ್ಟೇಬಿಟ್ಟಿದ್ರಂತೆ, ನಾಟಿ ಎಲ್ಲಾ ಒಣಗಿ ಹೋಗಿ ಅಣ್ಣತಮ್ಮಂದಿರು ಎರಡು ವರ್ಷ ಮಾತು ಬಿಟ್ಟಿದ್ರಂತೆ, ಆಮೇಲೆ ಊರಿನ ನಾಲ್ಕು ಜನ ಕೂತು ಬರೆಸಿದ ಸಾಲು ಅದು. ಅವತ್ತಿಂದ ನಾನು ಯಾವ ಕಾನೂನು ಓದಿದ್ರೂ ಹಾಗೇ ಓದ್ತೀನಿ, ಈ ಸಾಲು ಬರೆಸೋ ಮುಂಚೆ ಏನು ತಕರಾರು ಆಗಿತ್ತು ಅಂತ ಹುಡುಕ್ತಾ.

ಅಮೆರಿಕದ ಸಂವಿಧಾನ ಓದೋಕೆ ಇದಕ್ಕಿಂತ ಒಳ್ಳೆ ದಾರಿ ನನಗೆ ಸಿಕ್ಕಿಲ್ಲ. ನಮ್ಮ ಸೋಮವಾರಪೇಟೆ ಕಡೆ ಜುಲೈನಲ್ಲಿ ಮಳೆ ಹಿಡಿದ್ರೆ ಬಿಡಲ್ಲ, ತೋಟದ ಕೆಲಸ ನಿಲ್ಲುತ್ತೆ, ಕರೆಂಟ್ ಹೋದ್ರೆ ಎರಡು ದಿನ ಬರಲ್ಲ, ಆವಾಗ ನಮ್ಮ ಮನೆ ಜಗಲಿಗೆ ಪಿಯುಸಿ, ಡಿಗ್ರಿ ಓದೋ ಏಳೆಂಟು ಮಕ್ಕಳು ಸಂಜೆ ಬಂದು ಕೂರ್ತಾರೆ, ಇದನ್ನ ಅವರ ಜೊತೆ ಎರಡು ಮಳೆಗಾಲ ಓದಿದ್ದೀನಿ. ಒಂದು ವಾರ ದಿನಕ್ಕೆ ಒಂದೂವರೆ ಗಂಟೆ ಕೂತ್ರೆ ಯಾರಿಗಾದ್ರೂ ಆಗುತ್ತೆ, ಲಾ ಓದಿರಬೇಕು ಅಂತೇನಿಲ್ಲ.

ಯಾಕೆ ಓದ್ಬೇಕು ಅಂತ ಕೇಳೋರಿಗೆ ಒಂದು ಮಾತು. ನಮ್ಮ ಅರೇಬಿಕಾ ಕಾಫಿ ರೇಟು ನಿಂತಿರೋದು ನ್ಯೂಯಾರ್ಕ್ ಮಾರ್ಕೆಟ್ ಮೇಲೆ, ಬೆಳಗ್ಗೆ ಎದ್ದು ಮೊಬೈಲಲ್ಲಿ ಅದನ್ನ ನೋಡದ ಬೆಳೆಗಾರರು ಕಡಿಮೆ. 2025ರಲ್ಲಿ ಅಲ್ಲಿನ ಪ್ರೆಸಿಡೆಂಟ್ ಒಂದಾದ ಮೇಲೊಂದು ದೇಶದ ಮೇಲೆ ಸುಂಕ ಹಾಕಿದಾಗ ನಮ್ಮೂರಿನ ಅಂಗಡಿ ಮುಂದೆನೂ ಅದೇ ಮಾತು. ಆದ್ರೆ ಅಲ್ಲಿನ ವ್ಯಾಪಾರಿಗಳೇ ಅದರ ವಿರುದ್ಧ ಕೋರ್ಟಿಗೆ ಹೋದ್ರು, ಕೇಸು ಸುಪ್ರೀಂ ಕೋರ್ಟ್ ತನಕ ಹೋಯ್ತು, ಯಾಕಂದ್ರೆ ಅವರ ಸಂವಿಧಾನದ ಮೊದಲ ಆರ್ಟಿಕಲ್, ಎಂಟನೇ ಸೆಕ್ಷನ್ ತೆಗೆದು ನೋಡಿದ್ರೆ ಸುಂಕ ಹಾಕೋ ಅಧಿಕಾರ ಕಾಂಗ್ರೆಸ್ಸಿಗೆ ಅಂತ ಬರೆದಿದೆ. ಇಲ್ಲಿ ಕಾಂಗ್ರೆಸ್ ಅಂದ್ರೆ ಪಾರ್ಟಿ ಅಲ್ಲ, ಅವರ ಪಾರ್ಲಿಮೆಂಟ್. ಹಾಗಾಗಿ 1787ರಲ್ಲಿ ಬರೆದ ಒಂದು ಸಾಲು ಈಗಲೂ ನಮ್ಮ ಕಣದಲ್ಲಿ ಒಣಗ್ತಾ ಇರೋ ಕಾಫಿವರೆಗೂ ಬಂದು ಮುಟ್ಟುತ್ತೆ.

ಮೊದಲು ಮೂಲ ಪಠ್ಯ ಕೈಗೆ ತಗೊಳ್ಳಿ. ಅದರ ಬಗ್ಗೆ ಬರೆದ ಪುಸ್ತಕ ಬೇಡ, ವಿಡಿಯೋ ಬೇಡ, ಮೂಲಾನೇ. ಅಮೆರಿಕದ ನ್ಯಾಷನಲ್ ಆರ್ಕೈವ್ಸ್ ವೆಬ್‌ಸೈಟಲ್ಲಿ ಫ್ರೀಯಾಗಿ ಸಿಗುತ್ತೆ, ಪ್ರಿಂಟ್ ಹಾಕಿಸಿಕೊಳ್ಳಿ, ತಿದ್ದುಪಡಿಗಳನ್ನೂ ಸೇರಿಸಿ. ಮೂಲ ಸಂವಿಧಾನ ಬರೀ ನಾಲ್ಕು ಹಾಳೆ ಚರ್ಮಪತ್ರದಲ್ಲಿ ಬರೆದದ್ದು, ಸುಮಾರು 4,400 ಪದ, ಏಳು ಆರ್ಟಿಕಲ್, ಆಮೇಲೆ ಸೇರಿದ 27 ತಿದ್ದುಪಡಿ, ಅಷ್ಟೇ. ನಮ್ಮದು ಶುರುವಾದಾಗಲೇ 395 ವಿಧಿ. ಹಾಗಾಗಿ ಅವರ ‘ಆರ್ಟಿಕಲ್’ ಅನ್ನೋದನ್ನ ನಮ್ಮ ‘ವಿಧಿ’ ಅಂತ ಅಂದ್ಕೊಂಡು ಓದಿದ್ರೆ ಗಲಿಬಿಲಿ ಆಗುತ್ತೆ, ಅವರ ಒಂದು ಆರ್ಟಿಕಲ್ ಅಂದ್ರೆ ನಮ್ಮಲ್ಲಿ ಒಂದು ಇಡೀ ಭಾಗ ಇದ್ದ ಹಾಗೆ. ಒಂದು ನೋಟ್‌ಬುಕ್, ಎರಡು ಬಣ್ಣದ ಪೆನ್ಸಿಲ್ ಇಟ್ಕೊಳ್ಳಿ. ಇಂಗ್ಲಿಷ್ ಹಳೇದು, ಕೆಲವು ನಾಮಪದ ದೊಡ್ಡಕ್ಷರದಲ್ಲಿ ಶುರುವಾಗುತ್ತೆ, ಹೆದರಬೇಡಿ, ಒಂದೊಂದು ವಾಕ್ಯ ಓದಿ ಅದನ್ನ ಮನೇಲಿ ಮಾತಾಡೋ ಕನ್ನಡದಲ್ಲಿ ಜೋರಾಗಿ ಹೇಳಿ. ಹೇಳೋಕೆ ಬಂದಿಲ್ಲ ಅಂದ್ರೆ ಅರ್ಥ ಆಗಿಲ್ಲ ಅಂತ, ಮತ್ತೆ ಓದಿ.

ಆದ್ರೆ ಮೊದಲನೇ ದಿನ ಅದನ್ನ ತೆರೀಬೇಡಿ. ಮೊದಲ ದಿನ ಪೂರ್ತಿ ತಕರಾರಿಗೆ ಇಡಿ, ಇದು ನನ್ನ ಗಟ್ಟಿ ಅಭಿಪ್ರಾಯ. ಮೊದಲ ಮಳೆಗಾಲ ನಾನು ನೇರ ಪೀಠಿಕೆಯಿಂದ ಶುರು ಮಾಡಿದ್ದೆ, ಮೂರನೇ ದಿನಕ್ಕೆ ಅರ್ಧ ಮಕ್ಕಳು ಬರೋದು ನಿಲ್ಲಿಸಿದ್ರು, ತಪ್ಪು ನನ್ನದೇ.

ತಕರಾರು ಏನು ಅಂದ್ರೆ, 1776 ಜುಲೈ 4ಕ್ಕೆ 13 ವಸಾಹತುಗಳು ಇಂಗ್ಲೆಂಡ್ ರಾಜನಿಂದ ಬೇರೆ ಆದ್ವು ಅಂತ ಘೋಷಣೆ ಮಾಡಿದ್ವು, ಇದು ಎಲ್ಲರಿಗೂ ಗೊತ್ತು. ಸಂವಿಧಾನ ಬಂದದ್ದು ಅದಾಗಿ 11 ವರ್ಷದ ಮೇಲೆ, ಈ ನಡುವಿನ 11 ವರ್ಷವನ್ನ ನಮ್ಮ ಟೆಕ್ಸ್ಟ್‌ಬುಕ್‌ಗಳು ಒಂದೇ ಸಾಲಲ್ಲಿ ದಾಟಿಸಿಬಿಡ್ತವೆ. ಆ ಕಾಲಕ್ಕೆ ಅವರಿಗೆ ಬೇರೆ ಒಂದು ಒಪ್ಪಂದ ಇತ್ತು, ಆರ್ಟಿಕಲ್ಸ್ ಆಫ್ ಕಾನ್ಫೆಡರೇಶನ್ ಅಂತ, 1777ರಲ್ಲಿ ಕಾಂಗ್ರೆಸ್ ಒಪ್ಪಿದ್ದು, 1781ರಲ್ಲಿ ಜಾರಿಗೆ ಬಂದದ್ದು. ಅದರ ಪ್ರಕಾರ ಒಂದು ರಾಜ್ಯಕ್ಕೆ ಒಂದು ಓಟು, ದೊಡ್ಡ ವಿಷಯಕ್ಕೆ 9 ರಾಜ್ಯ ಒಪ್ಪಬೇಕು, ಒಪ್ಪಂದಾನೇ ತಿದ್ದಬೇಕು ಅಂದ್ರೆ 13ಕ್ಕೆ 13. ಪ್ರೆಸಿಡೆಂಟ್ ಅಂತ ಆಡಳಿತ ನಡೆಸೋರು ಇಲ್ಲ, ಕೇಂದ್ರಕ್ಕೆ ತೆರಿಗೆ ಹಾಕೋ ಅಧಿಕಾರ ಇಲ್ಲ, ರಾಜ್ಯಗಳ ಹತ್ರ ದುಡ್ಡು ಕೊಡಿ ಅಂತ ಕೇಳ್ಬೇಕು, ಅವು ಕೊಟ್ರೆ ಉಂಟು. ಇಂಗ್ಲೆಂಡ್ ಜೊತೆ ಮಾಡಿದ ಸ್ವಾತಂತ್ರ್ಯ ಯುದ್ಧದ ಸಾಲ ತೀರಿಸೋಕೆ ಆಮದು ಸಾಮಾನಿನ ಮೇಲೆ ನೂರಕ್ಕೆ 5ರಷ್ಟು ಸುಂಕ ಹಾಕೋಣ ಅಂತ 1781ರಲ್ಲಿ ಕೇಳಿದ್ರು, 1782ರಲ್ಲಿ ರೋಡ್ ಐಲ್ಯಾಂಡ್ ಒಂದೇ ಒಂದು ಸಣ್ಣ ರಾಜ್ಯ ಆಗಲ್ಲ ಅಂತು, ಮುಗೀತು. ಈ ರೋಡ್ ಐಲ್ಯಾಂಡ್ ಹೆಸರು ನೆನಪಲ್ಲಿ ಇಟ್ಕೊಳ್ಳಿ, ಮತ್ತೆ ಬರುತ್ತೆ.

ಆಮೇಲೆ ನಮಗೆ ತುಂಬಾ ಹತ್ತಿರದ ಒಂದು ಜಗಳ, ನದಿ ಜಗಳ. ಪೊಟೊಮ್ಯಾಕ್ ಅಂತ ನದಿ, ಒಂದು ದಡ ಮೇರಿಲ್ಯಾಂಡ್, ಇನ್ನೊಂದು ದಡ ವರ್ಜೀನಿಯಾ. ಹಳೇ ಸನ್ನದಿನ ಪ್ರಕಾರ ನದಿ ಪೂರ್ತಿ ಮೇರಿಲ್ಯಾಂಡಿಗೆ ಸೇರಿದ್ದು, ಆದ್ರೆ ನದಿ ಹೋಗಿ ಸೇರೋ ಕೊಲ್ಲಿಯ ಬಾಯಿ ವರ್ಜೀನಿಯಾ ಕೈಲಿ. ಯಾರ ದೋಣಿ ಓಡಾಡ್ಬೇಕು, ಯಾರು ಸುಂಕ ಕೊಡ್ಬೇಕು, ಮೀನು ಯಾರು ಹಿಡೀಬೇಕು ಅಂತ ಎರಡಕ್ಕೂ ತಕರಾರು. 1785 ಮಾರ್ಚಲ್ಲಿ ಎರಡೂ ಕಡೆಯವರು ಜಾರ್ಜ್ ವಾಷಿಂಗ್ಟನ್ ಅವರ ಮೌಂಟ್ ವರ್ನನ್ ಮನೇಲಿ ಕೂತು ರಾಜಿ ಮಾಡ್ಕೊಂಡ್ರು. ಹೀಗೆ ಕೂತ್ರೆ ಆಗುತ್ತಲ್ಲ ಅಂತ ಧೈರ್ಯ ಬಂದು ಎಲ್ಲಾ ರಾಜ್ಯಗಳ ವ್ಯಾಪಾರದ ವಿಷಯ ಮಾತಾಡೋಣ ಅಂತ 1786 ಸೆಪ್ಟೆಂಬರಲ್ಲಿ ಅನಾಪೊಲಿಸ್ ಅನ್ನೋ ಊರಿಗೆ ಕರೆದ್ರು, ಐದೇ ರಾಜ್ಯದವರು ಬಂದ್ರು, 12 ಜನ. ಇಷ್ಟು ಜನ ಸಾಲಲ್ಲ ಅಂತ ಅವರು ಎದ್ದು ಹೋಗೋ ಮುಂಚೆ, ಮುಂದಿನ ಮೇ ತಿಂಗಳು ಫಿಲಡೆಲ್ಫಿಯಾದಲ್ಲಿ ಎಲ್ಲರೂ ಸೇರೋಣ ಅಂತ ಒಂದು ವರದಿ ಬರೆದ್ರು, ಬರೆದದ್ದು ಅಲೆಕ್ಸಾಂಡರ್ ಹ್ಯಾಮಿಲ್ಟನ್. ತಲಕಾವೇರಿ ಇರೋ ಜಿಲ್ಲೆಯ ನಮಗೆ ಇದನ್ನ ಬಿಡಿಸಿ ಹೇಳ್ಬೇಕಾಗಿಲ್ಲ, ಒಂದು ನದಿಯ ನೀರು ಎಷ್ಟು ದೂರ ಕರ್ಕೊಂಡು ಹೋಗುತ್ತೆ ಅಂತ. ಮಕ್ಕಳಿಗೆ ಇದನ್ನ ಹೇಳಿದಾಗ ಎಲ್ಲರೂ ನೆಟ್ಟಗೆ ಕೂತ್ರು, ಅಲ್ಲಿಂದ ಮುಂದೆ ಅವರನ್ನ ಎಳೀಬೇಕಾಗಿ ಬರಲಿಲ್ಲ.

ಮೂರನೇ ತಕರಾರು ಸಾಲದ್ದು. ಮ್ಯಾಸಚೂಸೆಟ್ಸ್‌ನ ಪಶ್ಚಿಮದ ಕಡೆ ರೈತರು, ಸುಮಾರು ಜನ ಯುದ್ಧದಲ್ಲಿ ಹೋರಾಡಿ ಬಂದೋರು, ತೆರಿಗೆ ಸಾಲ ಎರಡೂ ಕಟ್ಟೋಕಾಗದೆ ಜಮೀನು ಜಪ್ತಿ ಆಗೋ ಸ್ಥಿತಿ. 1786ರಲ್ಲಿ ಅವರು ಕೋರ್ಟ್ ನಡೆಯೋಕೇ ಬಿಡಲ್ಲ ಅಂತ ಗುಂಪಾಗಿ ಹೋಗಿ ನಿಂತ್ರು, ಮುಂದಾಳು ಡೇನಿಯಲ್ ಶೇಸ್. ಕೇಂದ್ರದ ಹತ್ರ ಸೈನ್ಯ ಕಟ್ಟೋಕೆ ಕಾಸಿಲ್ಲ, ಕೊನೆಗೆ ವ್ಯಾಪಾರಸ್ಥರು ಕೊಟ್ಟ ದುಡ್ಡಲ್ಲಿ ರಾಜ್ಯದವರು ಜನ ಕಟ್ಟಿ ಅದನ್ನ ಅಡಗಿಸಿದ್ರು. ಈ ಭಯ ಹೊಸದಾಗಿ ಇರುವಾಗಲೇ 1787 ಮೇ 25ಕ್ಕೆ ಫಿಲಡೆಲ್ಫಿಯಾದಲ್ಲಿ ಸಭೆ ಶುರುವಾಗಿದ್ದು. ಶೇಸ್ ಜೊತೆ ನಿಂತ ರೈತರ ಬಗ್ಗೆ ನನಗೆ ಮರುಕ ಇದೆ, ಬೆಳೆ ಸಾಲ ಏನು ಅಂತ ಗೊತ್ತಿರೋ ಯಾರಿಗಾದ್ರೂ ಇರುತ್ತೆ. ಆದ್ರೆ ಫಿಲಡೆಲ್ಫಿಯಾಕ್ಕೆ ಬಂದೋರಲ್ಲಿ ಬಹಳ ಜನ ಸಾಲ ಕೊಟ್ಟೋರ ಕಡೆಯವರು, ವಕೀಲರು, ಜಮೀನ್ದಾರರು, ವ್ಯಾಪಾರಿಗಳು, ಅದನ್ನ ಮರೀದೇ ಓದ್ಬೇಕು. ರಾಜ್ಯಗಳು ಒಪ್ಪಂದದ ಬಾಧ್ಯತೆ ಮುರಿಯೋ ಕಾನೂನು ಮಾಡಕೂಡದು, ತಮ್ಮದೇ ಹಣ ಅಚ್ಚು ಹಾಕಕೂಡದು ಅಂತ ಮೊದಲ ಆರ್ಟಿಕಲ್ಲಿನ ಹತ್ತನೇ ಸೆಕ್ಷನಲ್ಲಿ ಬರೋದು ಈ ಹಿನ್ನೆಲೇಲಿ.

ಈ ಮೂರೂ ಜಗಳ ನೋಟ್‌ಬುಕ್ಕಿನ ಎಡಗಡೆ ಬರೆದಿಡಿ, ಬಲಗಡೆ ಖಾಲಿ ಬಿಡಿ. ಎರಡನೇ ದಿನ ಪಠ್ಯ ತೆಗೆದು ಮೊದಲ ಆರ್ಟಿಕಲ್, ಎಂಟು, ಒಂಬತ್ತು, ಹತ್ತನೇ ಸೆಕ್ಷನ್ ಓದಿ, ಪ್ರತಿ ಸಾಲು ಯಾವ ಜಗಳಕ್ಕೆ ಉತ್ತರ ಅಂತ ಬಲಗಡೆ ತುಂಬಿಸ್ತಾ ಹೋಗಿ. ತೆರಿಗೆ ಹಾಕೋದು, ಸೈನ್ಯ ಕಟ್ಟೋದು, ರಾಜ್ಯ ರಾಜ್ಯಗಳ ನಡುವಿನ ವ್ಯಾಪಾರ, ಎಲ್ಲಾ ಅಲ್ಲೇ ಸಿಗುತ್ತೆ. ಒಂದು ರಾಜ್ಯ ಇನ್ನೊಂದರ ಜೊತೆ ಕಾಂಗ್ರೆಸ್ ಒಪ್ಪಿಗೆ ಇಲ್ಲದೆ ಒಪ್ಪಂದ ಮಾಡ್ಕೊಳ್ಳೋ ಹಾಗಿಲ್ಲ ಅಂತ ಕಂಡಾಗ ಪೊಟೊಮ್ಯಾಕ್ ನೆನಪಾಗುತ್ತೆ. ಪಾಲುಪಟ್ಟಿ ಮನೆ ಒಡೆಯೋಕೆ, ಇದು ಮನೆ ಕೂಡಿಸೋಕೆ, ವ್ಯತ್ಯಾಸ ಅದೊಂದೇ, ಬರೆಯೋ ರೀತಿ ಒಂದೇ.

ಫಿಲಡೆಲ್ಫಿಯಾದ ಸಭೆ ಬಗ್ಗೆ ಜಾಸ್ತಿ ಹೇಳಲ್ಲ. ಒಟ್ಟು 55 ಜನ ಬಂದು ಹೋದ್ರು, 12 ರಾಜ್ಯದಿಂದ, ರೋಡ್ ಐಲ್ಯಾಂಡ್ ಯಾರನ್ನೂ ಕಳಿಸ್ಲೇ ಇಲ್ಲ. ಅಧ್ಯಕ್ಷತೆ ವಾಷಿಂಗ್ಟನ್. ಒಳಗಿನ ಮಾತು ಹೊರಗೆ ಹೋಗಕೂಡದು ಅಂತ ಬೇಸಿಗೆ ಸೆಕೇಲೂ ಕಿಟಕಿ ಬಾಗಿಲು ಮುಚ್ಚಿ ಕೂತಿದ್ರು. ಜೇಮ್ಸ್ ಮ್ಯಾಡಿಸನ್ ಅನ್ನೋರು ದಿನಾ ಯಾರು ಏನಂದ್ರು ಅಂತ ಬರೆದಿಟ್ಟಿದ್ದಕ್ಕೆ ನಮಗೆ ಇಷ್ಟು ಗೊತ್ತು, ಆ ಟಿಪ್ಪಣಿ ಅಚ್ಚಾಗಿದ್ದು 1840ರಲ್ಲಿ, ಅವರು ತೀರಿಹೋದ ಮೇಲೆ. ಸೆಪ್ಟೆಂಬರ್ 17ಕ್ಕೆ 39 ಜನ ಸಹಿ ಹಾಕಿದ್ರು.

ಮೂರನೇ ದಿನಕ್ಕೆ ಸೆನೆಟ್ ಇಡಿ. ಕೊಡಗಿನ ಯಾರಿಗಾದ್ರೂ ಇದು ಎದೆಗೆ ತಾಗೋ ವಿಷಯ. ದೊಡ್ಡ ರಾಜ್ಯದವರು ಜನಸಂಖ್ಯೆ ಪ್ರಕಾರ ಸೀಟು ಕೊಡಿ ಅಂದ್ರು, ಸಣ್ಣ ರಾಜ್ಯದವರು ಎಲ್ಲರಿಗೂ ಸಮ ಕೊಡಿ ಇಲ್ಲಾಂದ್ರೆ ಎದ್ದು ಹೋಗ್ತೀವಿ ಅಂದ್ರು, ವಾರಗಟ್ಟಲೆ ಜಗಳ. ಜುಲೈ 16ಕ್ಕೆ ರಾಜಿ ಆಯ್ತು, ಅದೂ 5ಕ್ಕೆ 4 ಓಟಲ್ಲಿ, ಒಂದು ರಾಜ್ಯದವರು ತಮ್ಮೊಳಗೇ ಅರ್ಧ ಅರ್ಧ ಆಗಿ ಅವರ ಓಟು ಲೆಕ್ಕಕ್ಕೇ ಬರಲಿಲ್ಲ. ಕೆಳಮನೆ ಜನಸಂಖ್ಯೆ ಪ್ರಕಾರ, ಮೇಲ್ಮನೆ ಸೆನೆಟ್‌ಗೆ ಪ್ರತಿ ರಾಜ್ಯದಿಂದ ಇಬ್ರು, ದೊಡ್ಡದಿರಲಿ ಸಣ್ಣದಿರಲಿ. ನಮ್ಮ ಕೊಡವ ಕೌಟುಂಬಿಕ ಹಾಕಿ ಇದೆಯಲ್ಲ, 1997ರಿಂದ ನಡೀತಿರೋದು, ಒಕ್ಕ, ಅಂದ್ರೆ ಒಂದು ಮನೆತನ, ದೊಡ್ಡದಾಗಿರಲಿ, ನಾಲ್ಕೈದು ಮನೆ ಮಾತ್ರ ಇರಲಿ, ಮೈದಾನಕ್ಕೆ ಇಳಿಯೋದು ಒಂದು ಒಕ್ಕಕ್ಕೆ ಒಂದೇ ಟೀಮು. ಸೆನೆಟ್ ಅಂದ್ರೆ ಅದು. ಜಗಲೀಲಿ ಹೀಗೆ ಹೇಳಿದ ಮೇಲೆ ಯಾವ ಮಗೂಗೂ ಮತ್ತೆ ಮರೆತು ಹೋಗಿಲ್ಲ.

ಈಗ ಲೆಕ್ಕ ಹಾಕಿ ನೋಡಿ. 2011ರ ಜನಗಣತಿ ಪ್ರಕಾರ ಕೊಡಗಿನ ಜನ 5,54,519. ಅಮೆರಿಕದಲ್ಲಿ ವಯೋಮಿಂಗ್ ಅಂತ ರಾಜ್ಯ ಇದೆ, 2020ರ ಲೆಕ್ಕಕ್ಕೆ 5,76,851 ಜನ, ಹೆಚ್ಚುಕಮ್ಮಿ ನಮ್ಮಷ್ಟೇ. ಅವರಿಗೆ ಇಬ್ರು ಸೆನೆಟರ್, ಕೆಳಮನೆಯಲ್ಲಿ ಒಬ್ಬರು. ಸುಮಾರು 4 ಕೋಟಿ ಜನ ಇರೋ ಕ್ಯಾಲಿಫೋರ್ನಿಯಾಕ್ಕೂ ಇಬ್ರೇ ಸೆನೆಟರ್. ನಮಗೆ ನಮ್ಮದೇ ಅಂತ ಒಬ್ಬ ಎಂಪಿ ಇಲ್ಲ, ಮೈಸೂರಿನ ಜೊತೆ ಹಂಚಿಕೊಂಡಿದ್ದೀವಿ, ಎಂಎಲ್ಎ ಸೀಟು ಮೊದಲು ಮೂರಿತ್ತು, 2008ರಲ್ಲಿ ಸೋಮವಾರಪೇಟೆ ಕ್ಷೇತ್ರ ಹೋಗಿ ಮಡಿಕೇರಿ, ವಿರಾಜಪೇಟೆ ಎರಡೇ ಉಳೀತು. ಯಾವುದು ನ್ಯಾಯ ಅಂತ ಮಕ್ಕಳ ಕೈಲಿ ಚರ್ಚೆ ಮಾಡಿಸಿ. ನಮ್ಮ ಜಗಲೀಲಿ ಎರಡು ಗುಂಪು ಆಯ್ತು, ಸಣ್ಣವರಿಗೂ ಸಮ ದನಿ ಇರಬೇಕು ಅಂತ ಒಂದು, ಒಬ್ಬ ಮನುಷ್ಯನ ಓಟು ಇನ್ನೊಬ್ಬನದ್ದಕ್ಕಿಂತ ಅರವತ್ತು ಎಪ್ಪತ್ತು ಪಟ್ಟು ತೂಗೋದು ಹೇಗೆ ಸರಿ ಅಂತ ಇನ್ನೊಂದು. ನಾನು ಎರಡನೇ ಗುಂಪಿನ ಕಡೆ ವಾಲ್ತೀನಿ, ಸಣ್ಣ ಜಿಲ್ಲೆಯವಳಾಗಿದ್ರೂ. ಆದ್ರೆ ಆ ಲೆಕ್ಕ ಬದಲಾಯಿಸೋದು ಹತ್ತಿರ ಹತ್ತಿರ ಆಗದ ಮಾತು, ಯಾಕಂದ್ರೆ ಐದನೇ ಆರ್ಟಿಕಲ್ಲಿನ ಕೊನೇ ಸಾಲು ನೋಡಿ, ಯಾವ ರಾಜ್ಯಕ್ಕೂ ಅದರ ಒಪ್ಪಿಗೆ ಇಲ್ಲದೆ ಸೆನೆಟಿನ ಸಮಪಾಲು ತಪ್ಪಿಸಕೂಡದು ಅಂತ ಬೀಗ ಹಾಕಿಟ್ಟಿದ್ದಾರೆ.

ಇಲ್ಲೇ ಇನ್ನೊಂದು ಸಾಲು ಹುಡುಕಿ, ನಾಲ್ಕನೇ ಆರ್ಟಿಕಲ್, ಮೂರನೇ ಸೆಕ್ಷನ್. ಎರಡು ರಾಜ್ಯ ಕೂಡಿಸಿ ಒಂದು ಮಾಡ್ಬೇಕು, ಇಲ್ಲಾ ಒಂದರೊಳಗಿಂದ ಇನ್ನೊಂದು ಒಡೀಬೇಕು ಅಂದ್ರೆ ಆ ರಾಜ್ಯಗಳ ಶಾಸನಸಭೆ ಒಪ್ಪಲೇಬೇಕು, ಕಾಂಗ್ರೆಸ್ಸೂ ಒಪ್ಪಬೇಕು. ಇದನ್ನ ಓದಿ ಆಮೇಲೆ ನಮ್ಮ ಸಂವಿಧಾನದ 3ನೇ ವಿಧಿ ಓದಿ. ನಮ್ಮಲ್ಲಿ ಪಾರ್ಲಿಮೆಂಟ್ ಕಾನೂನು ಮಾಡಿ ರಾಜ್ಯದ ಗಡಿ ಬದಲಿಸಬಹುದು, ಆ ರಾಜ್ಯದ ಅಭಿಪ್ರಾಯ ಕೇಳಿದ್ರೆ ಸಾಕು, ಒಪ್ಪಿಗೇನೇ ಬೇಕು ಅಂತಿಲ್ಲ. ಕೊಡಗು ಒಂದು ಕಾಲಕ್ಕೆ ಪಾರ್ಟ್ ಸಿ ರಾಜ್ಯ, ಅಂದ್ರೆ ಕೇಂದ್ರದ ಹಿಡಿತದಲ್ಲಿದ್ದ ಸಣ್ಣ ರಾಜ್ಯ ಆಗಿತ್ತು, 24 ಜನರ ಶಾಸನಸಭೆ, 1952ರಿಂದ ಸಿ.ಎಂ. ಪೂಣಚ್ಚ ಅವರು ಮುಖ್ಯಮಂತ್ರಿ, ಅವರೇ ದೆಹಲಿಯ ಸಂವಿಧಾನ ಸಭೇಲೂ ಕೊಡಗಿನ ಪ್ರತಿನಿಧಿಯಾಗಿ ಕೂತಿದ್ರು. 1956 ನವೆಂಬರ್ 1ಕ್ಕೆ ಮೈಸೂರು ರಾಜ್ಯಕ್ಕೆ ಸೇರಿತು. ಸೇರಿದ್ದು ಒಳ್ಳೇದೋ ಕೆಟ್ಟದ್ದೋ ಅನ್ನೋದು ಬೇರೆ ಮಾತು, ನಮ್ಮ ಮನೇಲೇ ಅದಕ್ಕೆ ಎರಡು ಅಭಿಪ್ರಾಯ. ನಾನು ತೋರಿಸ್ತಿರೋದು ಕಾಗದದ ವ್ಯತ್ಯಾಸ. ಅಲ್ಲಿ ರಾಜ್ಯಗಳು ಮೊದಲು ಇದ್ವು, ಕೇಂದ್ರಾನ ಅವು ಸೇರಿ ಮಾಡಿದ್ವು, ಹಾಗಾಗಿ ಕೇಂದ್ರಕ್ಕೆ ಕೊಡದೇ ಇದ್ದದ್ದೆಲ್ಲಾ ರಾಜ್ಯಕ್ಕೆ ಇಲ್ಲಾ ಜನಕ್ಕೆ ಅಂತ ಹತ್ತನೇ ತಿದ್ದುಪಡಿ ಹೇಳುತ್ತೆ. ನಮ್ಮಲ್ಲಿ ಉಳಿದದ್ದೆಲ್ಲಾ ಕೇಂದ್ರಕ್ಕೆ.

ನಾಲ್ಕನೇ ದಿನ ಪೆನ್ಸಿಲ್ ತೆಗೀರಿ. ಮೊದಲ ಮೂರು ಆರ್ಟಿಕಲ್ ಓದ್ತಾ ಯಾರಿಗೆ ಏನು ಮಾಡೋ ಅಧಿಕಾರ ಅನ್ನೋದಕ್ಕೆ ನೀಲಿ, ಯಾರು ಯಾರನ್ನ ತಡೀಬಹುದು ಅನ್ನೋದಕ್ಕೆ ಕೆಂಪು ಗೆರೆ ಎಳೀರಿ. ಮೊದಲ ಆರ್ಟಿಕಲ್ ಶಾಸಕಾಂಗ, ಇಡೀ ಪಠ್ಯದ ಅರ್ಧದಷ್ಟು ಅದೇ ಇದೆ, ಎರಡನೇದು ಕಾರ್ಯಾಂಗ, ಅದಕ್ಕಿಂತ ಚಿಕ್ಕದು, ಮೂರನೇದು ನ್ಯಾಯಾಂಗ, ಇನ್ನೂ ಚಿಕ್ಕದು. ಟಿವಿ ನೋಡಿ ಅಮೆರಿಕ ಅಂದ್ರೆ ಪ್ರೆಸಿಡೆಂಟ್ ಅಂದ್ಕೊಂಡಿರೋರಿಗೆ ಇದು ಮೊದಲ ಪಾಠ, ಬರೆದೋರ ಮನಸ್ಸಲ್ಲಿ ದೊಡ್ಡ ಜಾಗ ಇದ್ದದ್ದು ಕಾಂಗ್ರೆಸ್ಸಿಗೆ.

ಅಧಿಕಾರನ ಮೂರು ಕಡೆ ಹಂಚಬೇಕು ಅನ್ನೋ ಯೋಚನೆ ಇವರು ಹುಟ್ಟಿಸಿದ್ದಲ್ಲ. ಫ್ರಾನ್ಸಿನ ಮಾಂಟೆಸ್ಕ್ಯೂ 1748ರಲ್ಲೇ ಬರೆದಿದ್ದ, ಸರ್ಕಾರ ಜನರ ಒಪ್ಪಿಗೆ ಮೇಲೆ ನಿಂತಿರೋದು ಅನ್ನೋದು ಇಂಗ್ಲೆಂಡಿನ ಜಾನ್ ಲಾಕ್‌ನಿಂದ, ರಾಜನೂ ಕಾನೂನಿಗೆ ಒಳಪಟ್ಟೋನು ಅನ್ನೋದು 1215ರ ಮ್ಯಾಗ್ನಾ ಕಾರ್ಟಾದಿಂದ ಬಂದ ಸಂಪ್ರದಾಯ. ಆದ್ರೆ ಹಂಚೋದಷ್ಟೇ ಸಾಲಲ್ಲ, ಒಬ್ಬರ ಕೈ ಇನ್ನೊಬ್ಬರ ಜೇಬಲ್ಲಿ ಇರಬೇಕು ಅಂತ ಮ್ಯಾಡಿಸನ್ ಹಠ. ಮನುಷ್ಯರೆಲ್ಲಾ ದೇವತೆಗಳಾಗಿದ್ರೆ ಸರ್ಕಾರಾನೇ ಬೇಕಾಗಿರಲಿಲ್ಲ ಅನ್ನೋ ಅರ್ಥದ ಮಾತು ಫೆಡರಲಿಸ್ಟ್ ಲೇಖನಗಳ 51ನೇದರಲ್ಲಿದೆ. ಸಂವಿಧಾನ ಒಪ್ಪಿ ಅಂತ ಜನರ ಮನವೊಲಿಸೋಕೆ ಬರೆದ ಒಟ್ಟು 85 ಲೇಖನ ಅವು, ಹ್ಯಾಮಿಲ್ಟನ್, ಮ್ಯಾಡಿಸನ್, ಜಾನ್ ಜೇ ಮೂರೂ ಜನ ಪುಬ್ಲಿಯಸ್ ಅನ್ನೋ ಒಂದೇ ಹೆಸರಲ್ಲಿ ಬರೆದದ್ದು. ಎಲ್ಲಾ ಓದೋಕೆ ಹೋಗ್ಬೇಡಿ, 10 ಮತ್ತೆ 51 ಓದಿದ್ರೆ ಸದ್ಯಕ್ಕೆ ಸಾಕು.

ಕೆಂಪು ಗೆರೆಗಳು ಎಲ್ಲೆಲ್ಲಿ ಬರ್ತವೆ ಅಂದ್ರೆ, ಮಸೂದೆಗೆ ಪ್ರೆಸಿಡೆಂಟ್ ವೀಟೋ ಹಾಕಬಹುದು, ಎರಡೂ ಮನೆ ಮೂರರಲ್ಲಿ ಎರಡು ಪಾಲು ಓಟಿನಿಂದ ವೀಟೋ ಮೀರಬಹುದು. ಜಡ್ಜು, ಮಂತ್ರಿ, ರಾಯಭಾರಿ ನೇಮಕಕ್ಕೆ ಸೆನೆಟ್ ಒಪ್ಪಿಗೆ ಬೇಕು. ಬೇರೆ ದೇಶದ ಜೊತೆ ಒಪ್ಪಂದಕ್ಕೂ ಸೆನೆಟಿನ ಮೂರರಲ್ಲಿ ಎರಡು ಪಾಲು. ಪ್ರೆಸಿಡೆಂಟ್ ಮೇಲೆ ದೋಷಾರೋಪ ಹೊರಿಸೋದು ಕೆಳಮನೆ, ವಿಚಾರಣೆ ಸೆನೆಟಲ್ಲಿ. ಜಡ್ಜುಗಳು ನಡತೆ ಸರಿ ಇರೋ ತನಕ ಇರ್ತಾರೆ, ಅವರ ಸಂಬಳ ಕಡಿಮೆ ಮಾಡೋ ಹಾಗಿಲ್ಲ, ಈ ಸಂಬಳದ ಸಾಲು ಸಣ್ಣದಾಗಿ ಕಂಡ್ರೂ ದೊಡ್ಡದು, ತೀರ್ಪು ಇಷ್ಟ ಆಗಿಲ್ಲ ಅಂತ ಹೊಟ್ಟೆ ಮೇಲೆ ಹೊಡೆಯೋಕೆ ಆಗಲ್ಲ. ಆಮೇಲೆ ಮೊದಲ ಆರ್ಟಿಕಲ್ ಆರನೇ ಸೆಕ್ಷನ್, ಸರ್ಕಾರದಲ್ಲಿ ಹುದ್ದೆ ಇಟ್ಕೊಂಡೋರು ಕಾಂಗ್ರೆಸ್ ಮೆಂಬರ್ ಆಗಿರೋ ಹಾಗಿಲ್ಲ. ನಮ್ಮಲ್ಲಿ ಇದಕ್ಕೆ ಪೂರ್ತಿ ಉಲ್ಟಾ, ಎಂಪಿ ಆಗದೆ ಆರು ತಿಂಗಳ ಮೇಲೆ ಮಂತ್ರಿ ಆಗಿರೋಕೆ ಆಗಲ್ಲ. ಅಲ್ಲಿ ಯಾಕೆ ಪ್ರೈಮ್ ಮಿನಿಸ್ಟರ್ ಇಲ್ಲ ಅಂತ ಕೇಳೋರಿಗೆ ಉತ್ತರ ಈ ಒಂದು ಸಾಲಲ್ಲಿ ಅರ್ಧ ಇದೆ.

ಮನೇಲಿ ಆಡಿ ನೋಡಿದ್ರೆ ಇದೆಲ್ಲಾ ಬೇಗ ತಲೇಗೆ ಹೋಗುತ್ತೆ. ನಾವು ಮಕ್ಕಳನ್ನ ಎರಡು ಗುಂಪು ಮಾಡಿ ಎರಡು ಮನೆ ಮಾಡಿದ್ವಿ, ಅಜ್ಜಿ ಪ್ರೆಸಿಡೆಂಟ್, ಮಸೂದೆ ಏನು ಅಂದ್ರೆ ನಮ್ಮ ಮಳೆಗಾಲದ ಹಬ್ಬ ಕಕ್ಕಡ 18ಕ್ಕೆ ಮದ್ದುಸೊಪ್ಪಿನ ಪಾಯಸದ ಜೊತೆ ಕೋಳಿ ಸಾರೂ ಆಗ್ಬೇಕು ಅಂತ. ಒಂದು ಮನೆ ಪಾಸ್ ಮಾಡ್ತು, ಇನ್ನೊಂದು ತಿದ್ದಿ ಕಳಿಸ್ತು, ಅಜ್ಜಿ ವೀಟೋ ಹಾಕಿದ್ರು, ಮತ್ತೆ ಮೂರರಲ್ಲಿ ಎರಡು ಪಾಲು ಎಣಿಸಿದ್ರು. ಪ್ರೆಸಿಡೆಂಟ್ ಸಹಿನೂ ಹಾಕ್ದೆ ವಾಪಸ್ಸೂ ಕಳಿಸ್ದೆ ಭಾನುವಾರ ಬಿಟ್ಟು 10 ದಿನ ಸುಮ್ಮನೆ ಇಟ್ಕೊಂಡ್ರೆ ಅದು ತಾನಾಗೇ ಕಾನೂನು ಆಗುತ್ತೆ, ಆದ್ರೆ ಅಷ್ಟರಲ್ಲಿ ಕಾಂಗ್ರೆಸ್ ಅಧಿವೇಶನ ಮುಗಿಸಿ ಎದ್ದು ಹೋಗಿದ್ರೆ ಬಿದ್ದು ಹೋಗುತ್ತೆ, ಇದನ್ನೂ ಆಟದಲ್ಲಿ ಸೇರಿಸಿ.

ಅದೇ ಸಂಜೆ ಇನ್ನೊಂದು ಕೆಲಸ, ಇಲ್ಲದ ಪದ ಹುಡುಕೋದು. ಡೆಮಾಕ್ರಸಿ ಅನ್ನೋ ಪದ ಇಡೀ ಸಂವಿಧಾನದಲ್ಲಿ ಎಲ್ಲೂ ಇಲ್ಲ. ರಾಜಕೀಯ ಪಕ್ಷದ ಮಾತೇ ಇಲ್ಲ. ಸುಪ್ರೀಂ ಕೋರ್ಟಲ್ಲಿ ಎಷ್ಟು ಜಡ್ಜು ಅಂತ ಇಲ್ಲ, ಈಗಿರೋ 9 ಅನ್ನೋದು 1869ರ ಕಾನೂನಿಂದ. ಕೋರ್ಟು ಕಾನೂನನ್ನ ರದ್ದು ಮಾಡಬಹುದು ಅಂತ ನೇರವಾಗಿ ಎಲ್ಲೂ ಬರೆದಿಲ್ಲ, 1803ರಲ್ಲಿ ಮಾರ್ಬರಿ ಕೇಸಲ್ಲಿ ಚೀಫ್ ಜಸ್ಟಿಸ್ ಜಾನ್ ಮಾರ್ಷಲ್ ಆ ಅಧಿಕಾರ ತಮಗಿದೆ ಅಂತ ತೀರ್ಪು ಕೊಟ್ಟದ್ದು. ಹಾಂ, ‘ಇಂಡಿಯನ್ಸ್’ ಅನ್ನೋ ಪದ ಮಾತ್ರ ಸಿಗುತ್ತೆ, ಅದು ನಾವಲ್ಲ, ಅಲ್ಲಿನ ಮೂಲನಿವಾಸಿಗಳು, ತೆರಿಗೆ ಕಟ್ಟದ ಅವರನ್ನ ಜನರ ಲೆಕ್ಕದಿಂದಲೇ ಹೊರಗಿಟ್ಟಿದ್ರು. ಅವರೆಲ್ಲರಿಗೂ ನಾಗರಿಕತ್ವ ಸಿಕ್ಕಿದ್ದು 1924ರಲ್ಲಿ.

ಇಲ್ಲದ ಪದಗಳಲ್ಲಿ ಎಲ್ಲಕ್ಕಿಂತ ಭಾರದ್ದು ಗುಲಾಮ ಅನ್ನೋದು. ಗುಲಾಮಗಿರಿ ಆ ಪಠ್ಯದಲ್ಲಿ ಮೂರು ಕಡೆ ಇದೆ, ಆದ್ರೆ ಪದ ಬಳಸಿಲ್ಲ, ‘ಇತರ ವ್ಯಕ್ತಿಗಳು’, ‘ಇಂಥಾ ವ್ಯಕ್ತಿಗಳು’ ಅಂತ ಸುತ್ತಿ ಬಳಸಿ ಬರೆದಿದ್ದಾರೆ. ಸೀಟು ಹಂಚೋಕೆ ಜನ ಎಣಿಸುವಾಗ 5 ಗುಲಾಮರನ್ನ 3 ಅಂತ ಲೆಕ್ಕ ಹಿಡೀಬೇಕು. ಗುಲಾಮರನ್ನ ಹೊರದೇಶದಿಂದ ತರೋದನ್ನ 1808ರ ತನಕ ಕಾಂಗ್ರೆಸ್ ನಿಷೇಧಿಸೋ ಹಾಗಿಲ್ಲ. ಓಡಿ ಹೋದೋರನ್ನ ಯಜಮಾನನಿಗೆ ಒಪ್ಪಿಸಲೇಬೇಕು. ಇಲ್ಲಿ ದಯವಿಟ್ಟು ಅವಸರ ಮಾಡ್ಬೇಡಿ. ನಮ್ಮ ಜಗಲಿಗೆ ಬರೋ ಒಬ್ಬಳು ಹುಡುಗಿ ಎಸ್ಟೇಟಿನ ಕೂಲಿಯವರ ಲೈನ್ ಮನೇಲಿ ಬೆಳೆದೋಳು, ಅವಳ ಅಜ್ಜ ಜೀತಕ್ಕಿದ್ದೋರು. ಅವಳು ಕೇಳಿದ್ಲು, ಅಕ್ಕಾ, ಅವರಿಗೆ ಓಟಿತ್ತಾ? ಇಲ್ಲ ಅಂದೆ. ಮತ್ತೆ ಅವರ ಲೆಕ್ಕದ ಸೀಟು ಯಾರಿಗೆ ಹೋಯ್ತು? ಅವರನ್ನ ಇಟ್ಕೊಂಡೋರಿಗೆ ಅಂದೆ. ಅವಳು ಸ್ವಲ್ಪ ಹೊತ್ತು ಮಾತಾಡ್ಲಿಲ್ಲ. ಐದರಲ್ಲಿ ಮೂರು ಅನ್ನೋದರ ಪೂರ್ತಿ ಅನ್ಯಾಯ ಅವಳ ಆ ಎರಡು ಪ್ರಶ್ನೇಲಿದೆ, ಯಾವ ಪುಸ್ತಕಾನೂ ನನಗೆ ಅಷ್ಟು ಚೆನ್ನಾಗಿ ಹೇಳಿಕೊಟ್ಟಿರಲಿಲ್ಲ. ‘ನಾವು ಜನ’ ಅಂತ ಪೀಠಿಕೆ ಶುರುವಾಗುತ್ತೆ, ಯಾರು ಆ ನಾವು ಅಂತ ಕೇಳದೆ ಅದನ್ನ ಓದಿಸಬಾರದು. ಪೀಠಿಕೆಯನ್ನ ಈ ದಿನದ ಕೊನೇಲಿ ಓದಿ, ಆವಾಗ ಅದರ ತೂಕ ಗೊತ್ತಾಗುತ್ತೆ.

ಐದನೇ ದಿನ ತಿದ್ದುಪಡಿಗಳು. ಸಂವಿಧಾನ ಜಾರಿಗೆ ಬರೋಕೆ 9 ರಾಜ್ಯ ಒಪ್ಪಬೇಕಿತ್ತು, ಮೊದಲು ಒಪ್ಪಿದ್ದು ಡೆಲವೇರ್, 1787 ಡಿಸೆಂಬರ್ 7, ಒಂಬತ್ತನೇದು ನ್ಯೂ ಹ್ಯಾಂಪ್‌ಶೈರ್, 1788 ಜೂನ್ 21. ಕೊನೇದು ಅದೇ ರೋಡ್ ಐಲ್ಯಾಂಡ್, 1790 ಮೇ 29, ಅದೂ 34ಕ್ಕೆ 32 ಓಟಲ್ಲಿ. ಜನರ ಹಕ್ಕುಗಳ ಪಟ್ಟಿ ಎಲ್ಲಿ ಅಂತ ಬಹಳ ಜನ ತಕರಾರು ಮಾಡಿದ್ರು, ವರ್ಜೀನಿಯಾದ ಜಾರ್ಜ್ ಮೇಸನ್ ಸಭೇಲೇ ಸಹಿ ಹಾಕದೆ ಹೊರಟಿದ್ದಕ್ಕೆ ಅದೂ ಒಂದು ಕಾರಣ. ಅದರಿಂದ ಹುಟ್ಟಿದ್ದು ಮೊದಲ ಹತ್ತು ತಿದ್ದುಪಡಿ, 1791 ಡಿಸೆಂಬರ್ 15. ಇವನ್ನ ಪಾಲುಪಟ್ಟಿ ಹಾಗೇ ಓದಿ. ಮೂರನೇದು, ಶಾಂತಿ ಕಾಲದಲ್ಲಿ ಮನೆಯವರ ಒಪ್ಪಿಗೆ ಇಲ್ಲದೆ ಸೈನಿಕರನ್ನ ಮನೇಲಿ ಇರಿಸಕೂಡದು. ಈಗ ವಿಚಿತ್ರ ಅನ್ಸುತ್ತೆ, ಆದ್ರೆ ಇಂಗ್ಲೆಂಡಿನ ಸೈನ್ಯಕ್ಕೆ ಜಾಗ, ಊಟ ಕೊಡೋ ಹೊರೆ ಹೊತ್ತು ಬೇಸತ್ತೋರು ಬರೆಸಿದ್ದು. ನಾಲ್ಕನೇದು, ಕಾರಣ ಇಲ್ಲದೆ ಮನೆ ಶೋಧ ಮಾಡಕೂಡದು, ಅದಕ್ಕೂ ಹಿಂದೆ ಅಂಥದ್ದೇ ಕಹಿ ಇದೆ.

ಎರಡನೇ ತಿದ್ದುಪಡಿ ಬಂದೂಕಿನದ್ದು, ಇದನ್ನ ಕೊಡಗಿನಲ್ಲಿ ಕೂತು ಓದೋದೇ ಬೇರೆ. ಕೈಲ್ ಮುಹೂರ್ತಕ್ಕೆ ಕೋವಿಗೆ ಹೂವಿಟ್ಟು ಪೂಜೆ ಮಾಡೋ ಊರು ನಮ್ಮದು. ಕೊಡವರಿಗೆ, ಜಮ್ಮಾ ಅನ್ನೋ ವಂಶಪಾರಂಪರ್ಯದ ಜಮೀನಿನ ಹಿಡುವಳಿದಾರರಿಗೆ ಲೈಸೆನ್ಸ್ ಇಲ್ಲದೆ ಕೋವಿ ಇಟ್ಕೊಳ್ಳೋ ವಿನಾಯಿತಿ ಬ್ರಿಟಿಷರ ಕಾಲದಿಂದ ಬಂದಿದೆ, ಈಗ ಅದು ನಿಂತಿರೋದು 1959ರ ಆಯುಧ ಕಾಯ್ದೆ ಕೆಳಗೆ ಕೇಂದ್ರ ಸರ್ಕಾರ ಹೊರಡಿಸೋ ಅಧಿಸೂಚನೆ ಮೇಲೆ, 2019ರಲ್ಲಿ ಅದನ್ನ 2029ರ ತನಕ ಮುಂದುವರಿಸಿದ್ದಾರೆ. ಅಂದ್ರೆ ನಮ್ಮದು ಸರ್ಕಾರ ಕೊಡೋ ವಿನಾಯಿತಿ, ಅವಧಿ ಇದೆ. ಅಮೆರಿಕದ್ದು ಸಂವಿಧಾನದ ಹಕ್ಕು, ಸರ್ಕಾರ ಒಂದು ಕಾಗದ ಹೊರಡಿಸಿ ತೆಗೆಯೋಕೆ ಆಗಲ್ಲ. ಆದೇಶ, ಕಾಯ್ದೆ, ಸಂವಿಧಾನ ಈ ಮೂರರ ಮೆಟ್ಟಿಲು ಏನು ಅಂತ ಮಕ್ಕಳಿಗೆ ಇಷ್ಟು ಸುಲಭವಾಗಿ ತೋರಿಸೋ ಉದಾಹರಣೆ ಬೇರೆ ಇಲ್ಲ. ಆದ್ರೆ ಆ ಸಾಲಲ್ಲಿ ಕಟ್ಟುನಿಟ್ಟಾದ ಜನಸೇನೆಯ ಮಾತು ಮೊದಲು ಬರುತ್ತೆ, ಹಕ್ಕಿನ ಮಾತು ಆಮೇಲೆ. ಒಬ್ಬ ವ್ಯಕ್ತಿಗೆ ಸ್ವಂತ ರಕ್ಷಣೆಗೆ ಇಟ್ಕೊಳ್ಳೋ ಹಕ್ಕು ಅಂತ ಸುಪ್ರೀಂ ಕೋರ್ಟ್ ಖಚಿತವಾಗಿ ಹೇಳಿದ್ದು 2008ರಲ್ಲಿ, 5ಕ್ಕೆ 4 ಜಡ್ಜುಗಳ ಬಹುಮತದಲ್ಲಿ.

13, 14, 15ನೇ ತಿದ್ದುಪಡಿ ಮೂರನ್ನೂ ಒಟ್ಟಿಗೆ ಓದಿ, 1865, 1868, 1870. ಅಂತರ್ಯುದ್ಧ ಮುಗಿದ ಮೇಲೆ ಬಂದದ್ದು, ಗುಲಾಮಗಿರಿ ರದ್ದು, ಅಲ್ಲಿ ಹುಟ್ಟಿದೋರಿಗೆ ನಾಗರಿಕತ್ವ ಮತ್ತೆ ಕಾನೂನಿನ ಸಮಾನ ರಕ್ಷಣೆ, ಬಣ್ಣ ನೋಡಿ ಓಟು ತಪ್ಪಿಸಕೂಡದು. ಈ 14ನೇದು ಬಹಳ ಮುಖ್ಯ, ಮೊದಲ ಹತ್ತು ತಿದ್ದುಪಡಿ ಬರೀ ಕೇಂದ್ರವನ್ನ ಕಟ್ಟಿ ಹಾಕಿತ್ತು, ಇದರ ಮೂಲಕ ಕೋರ್ಟುಗಳು ನಿಧಾನವಾಗಿ ರಾಜ್ಯಗಳನ್ನೂ ಕಟ್ಟಿದ್ವು. ಹೆಂಗಸರಿಗೆ ಓಟು ಅಂತ ಸಂವಿಧಾನದಲ್ಲಿ ಬರೋಕೆ 1920 ಆಯ್ತು, 19ನೇದು.

ತಿದ್ದುಪಡಿ ಮಾಡೋದು ಕಷ್ಟ, ಎರಡೂ ಮನೇಲಿ ಮೂರರಲ್ಲಿ ಎರಡು, ಆಮೇಲೆ ರಾಜ್ಯಗಳಲ್ಲಿ ನಾಲ್ಕರಲ್ಲಿ ಮೂರು, ಈಗಿನ ಲೆಕ್ಕಕ್ಕೆ 50ರಲ್ಲಿ 38. ಅದಕ್ಕೇ ಇಷ್ಟು ವರ್ಷಕ್ಕೆ 27, ನಮ್ಮದು 2023ಕ್ಕೇ 106 ಆಗಿತ್ತು. 27ನೇದರ ಕಥೆ ಮಕ್ಕಳಿಗೆ ತಪ್ಪದೇ ಹೇಳಿ. ಕಾಂಗ್ರೆಸ್ ಮೆಂಬರುಗಳು ಸಂಬಳ ಏರಿಸಿಕೊಂಡ್ರೆ ಮುಂದಿನ ಚುನಾವಣೆ ಆದ ಮೇಲೇ ಅದು ಸಿಗಬೇಕು ಅನ್ನೋ ಸಾಲು, 1789ರಲ್ಲೇ ಮೊದಲ ಹತ್ತರ ಜೊತೆ ಕಳಿಸಿದ್ದು, ಸಾಕಷ್ಟು ರಾಜ್ಯ ಒಪ್ಪದೆ ಬಿದ್ದಿತ್ತು. 1982ರಲ್ಲಿ ಟೆಕ್ಸಾಸ್‌ನ ಒಬ್ಬ ಕಾಲೇಜು ಹುಡುಗ, ಗ್ರೆಗರಿ ವಾಟ್ಸನ್, ಇದು ಇನ್ನೂ ಜೀವಂತ ಇದೆ ಅಂತ ಒಂದು ಪ್ರಬಂಧ ಬರೆದ, ಸಿ ಗ್ರೇಡ್ ಕೊಟ್ರು. ಅವನು ಸುಮ್ಮನಾಗದೆ ರಾಜ್ಯ ರಾಜ್ಯಕ್ಕೂ ಪತ್ರ ಬರೆದ, ಒಂದೊಂದೇ ಒಪ್ತಾ ಬಂದ್ವು, 1992ಕ್ಕೆ ಅದು ಸಂವಿಧಾನದ ಭಾಗ ಆಯ್ತು. 2017ರಲ್ಲಿ ಅವನ ಗ್ರೇಡನ್ನ ಎ ಅಂತ ತಿದ್ದಿದ್ರು.

ಕೊನೇ ದಿನ ನಮ್ಮ ‘ಭಾರತದ ಸಂವಿಧಾನ’ದ ಕನ್ನಡ ಪ್ರತಿ ಪಕ್ಕಕ್ಕೆ ಇಟ್ಕೊಳ್ಳಿ. ಹೋಲಿಸೋಕೆ ಬೇಕಾದಷ್ಟಿದೆ, ಒಂದೇ ಒಂದು ಮಾಡಿ. ಅವರ 5ನೇ, 14ನೇ ತಿದ್ದುಪಡಿಯಲ್ಲಿ ‘ಡ್ಯೂ ಪ್ರಾಸೆಸ್ ಆಫ್ ಲಾ’ ಅಂತ ಮೂರು ನಾಲ್ಕು ಪದ ಇದೆ, ನ್ಯಾಯವಾದ ಕ್ರಮ ಇಲ್ಲದೆ ಯಾರ ಜೀವ, ಸ್ವಾತಂತ್ರ್ಯ, ಆಸ್ತಿ ಕಸಿಯಕೂಡದು ಅಂತ. ನಮ್ಮ ಕರಾವಳಿಯ ಬೆನೆಗಲ್ ನರಸಿಂಗ ರಾವ್, ಸಂವಿಧಾನ ಸಭೆಯ ಸಲಹೆಗಾರರು, 1947ರ ಕೊನೇಲಿ ಅಮೆರಿಕಕ್ಕೆ ಹೋಗಿ ಅಲ್ಲಿನ ಸುಪ್ರೀಂ ಕೋರ್ಟ್ ಜಡ್ಜ್ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರನ್ನ ಕಂಡ್ರು. ಈ ಪದ ಹಾಕ್ಬೇಡಿ, ಜನ ಆರಿಸಿದೋರು ಮಾಡಿದ ಕಾನೂನನ್ನ ಕೆಲವೇ ಜಡ್ಜುಗಳು ತಳ್ಳಿಹಾಕೋ ಹಾಗಾಗುತ್ತೆ ಅನ್ನೋದು ಅವರ ಸಲಹೆ. ಹಾಗಾಗಿ ನಮ್ಮ 21ನೇ ವಿಧೀಲಿ ಕಾನೂನು ಗೊತ್ತುಪಡಿಸಿದ ಕಾರ್ಯವಿಧಾನ ಅನ್ನೋ ಅರ್ಥದ ಪದ ಬಂತು. ಎರಡನ್ನೂ ಒಂದರ ಪಕ್ಕ ಒಂದು ಬರೆದು, ಯಾವ ಜಗಳಕ್ಕೆ ಹೆದರಿ ನಮ್ಮೋರು ಆ ಪದ ಬಿಟ್ರು ಅಂತ ನೋಟ್‌ಬುಕ್ಕಿನ ಎಡಗಡೆ ಬರೀರಿ. ಬಲಗಡೆ 1978 ಅಂತ ಬರೀರಿ, ಮೇನಕಾ ಗಾಂಧಿ ಕೇಸು, ಆ ಕಾರ್ಯವಿಧಾನ ನ್ಯಾಯವಾಗಿ, ಸಮಂಜಸವಾಗಿ ಇರಲೇಬೇಕು ಅಂತ ನಮ್ಮ ಸುಪ್ರೀಂ ಕೋರ್ಟ್ ಹೇಳಿದ್ದು. ಆ ತೀರ್ಪನ್ನ ನಾವು ಬರೋ ಮಳೆಗಾಲಕ್ಕೆ ಇಟ್ಕೊಂಡಿದ್ದೀವಿ, ಲೈನ್ ಮನೆ ಹುಡುಗಿ ಈಗಲೇ ಪ್ರಿಂಟ್ ತೆಗೆಸಿ ತಂದಿಟ್ಟಿದ್ದಾಳೆ.